ಪರದೆಯ ಒಳಗೆ ಕಂಡದ್ದು

ಹೆಣ ತೊಳೆಯುವುದು ನನ್ನ ಕೆಲಸ. ಕೇಳಿದವರು ಮುಖ ಸಿಂಡರಿಸುತ್ತಾರೆ, ತಮ್ಮ ಮನೆಯಲ್ಲಿ ಸಾವಾದ ದಿನ ಮಾತ್ರ ಮೊದಲು ನಮ್ಮ ಬಾಗಿಲನ್ನೇ ಬಡಿಯುತ್ತಾರೆ. ನಮ್ಮಲ್ಲಿ ಹೆಂಗಸಿನ ಮೈಯತ್ತನ್ನು ಹೆಂಗಸೇ ತೊಳೆಯಬೇಕು. ನಾಲ್ಕೂ ಕಡೆ ಚಾದರದ ಪರದೆ ಕಟ್ಟಿ, ಬಾರಿ ಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿಸಿ, ಕರ್ಪೂರ ಹಚ್ಚಿ, ಕಫನ್ ಬಟ್ಟೆ ಸುತ್ತಿ ಗಂಡಸರ ಹೆಗಲಿಗೆ ಒಪ್ಪಿಸುವವರೆಗೆ ಸತ್ತವಳು ನಮ್ಮ ವಶ. ಗುಸಲ್ ಕೊಡುವುದು ಎನ್ನುತ್ತೇವೆ. ಬೆಳಗಾವಿಯ ಕ್ಯಾಂಪಿನಲ್ಲಿ ನಮ್ಮತ್ತೆ ಮೂವತ್ತು ವರ್ಷ ಈ ಕೆಲಸ ಮಾಡಿದಳು. ಅವಳ ಬಲಗೈಗೆ ಲಕ್ವಾ ಹೊಡೆದ ಮೇಲೆ ಅದು ನನ್ನ ಕೊರಳಿಗೆ ಬಿತ್ತು.

ಅತ್ತೆ ಎರಡು ಮಾತು ಕಲಿಸಿದ್ದಳು. ಪರದೆಯ ಒಳಗೆ ಕಂಡದ್ದು ಪರದೆಯ ಒಳಗೇ ಉಳಿಯಬೇಕು. ಯಾರ ಬೆನ್ನ ಮೇಲೆ ತೊನ್ನಿತ್ತು, ಯಾರ ಎದೆಯ ಮೇಲೆ ಗಂಟಿತ್ತು ಎಂದು ಬಾಯಿ ಬಿಡುವವಳು ಈ ಕೆಲಸಕ್ಕೆ ಲಾಯಕ್ಕಲ್ಲ. ಇನ್ನೊಂದು, ಕಪ್ಪಾದದ್ದನ್ನೆಲ್ಲ ಪೆಟ್ಟು ಅಂದುಕೊಳ್ಳಬಾರದು. ಉಸಿರು ನಿಂತ ಮೇಲೆ ರಕ್ತ ಇಳಿದು, ನೆಲದ ಕಡೆಗಿದ್ದ ಮೈ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅನುಮಾನ ಬಂದರೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಸತ್ತು ಐದಾರು ತಾಸಿನೊಳಗಾದರೆ ಇಳಿದ ರಕ್ತ ಒತ್ತಿದಲ್ಲಿ ಬೆಳ್ಳಗಾಗಿ ಮತ್ತೆ ತುಂಬಿಕೊಳ್ಳುತ್ತದೆ. ಪೆಟ್ಟು ಬಿದ್ದ ಜಾಗ ಎಷ್ಟು ಒತ್ತಿದರೂ ಹಾಗೆಯೇ ಇರುತ್ತದೆ.

ನಾನು ಒಬ್ಬಳೇ ಕೊಟ್ಟ ಮೊದಲ ಗುಸಲ್ ಖಾನಾಪುರದ ಒಂದು ಕಟ್ಟಿಗೆ ಅಡ್ಡೆಯವರ ಮನೆಯಲ್ಲಿ. ೧೯೯೮ರ ಮಳೆಗಾಲ. ಸತ್ತವಳು ಅವರ ಸೊಸೆ ದಿಲ್‌ಶಾದ್, ಇಪ್ಪತ್ತೆರಡು ವರ್ಷ. ಮೂರ್ಛೆ ಬಂದು ಬಚ್ಚಲಲ್ಲಿ ಬಿದ್ದಳು ಎಂದರು. ಅವಳ ಕುತ್ತಿಗೆಯ ಎರಡೂ ಬದಿಗೆ, ಕಿವಿಯ ಕೆಳಗೆ, ಕಂದು ಗುರುತುಗಳಿದ್ದವು. ಒತ್ತಿ ನೋಡಲು ನನ್ನ ಕೈ ಅರ್ಧ ದಾರಿಯವರೆಗೆ ಹೋಯಿತು. ನೀರು ಹಾಕುತ್ತಿದ್ದ ಆಕೆಯ ಅತ್ತೆ, “ಯಾಕ ನಿಂತಿ? ನೀರು ಆರತೈತಿ” ಎಂದಳು. ಕೈ ಹಿಂದೆ ಬಂತು. ತೊಳೆದೆ, ಸುತ್ತಿದೆ, ಕೊಟ್ಟೆ.

ಮನೆಗೆ ಬಂದು ನಮ್ಮತ್ತೆಗೆ ಹೇಳಿದೆ.

“ಒತ್ತಿ ನೋಡಿದೇನು?”

“ಇಲ್ರಿ.”

“ಹಂಗಾರ ನೀ ಏನೂ ನೋಡಿಲ್ಲ. ಕೈ ತೊಳ್ಕೊಂಡು ಉಣ್ಣು.”

ತಪ್ಪನ್ನು ನಮ್ಮತ್ತೆಯ ಮೇಲೆ ಹಾಕುವುದು ಸುಲಭ. ಆ ವರ್ಷವೇ ತೀರಿಕೊಂಡಳು, ಎದ್ದು ಬಂದು ಜಗಳಾಡುವುದಿಲ್ಲ. ಆದರೆ ಒತ್ತದೇ ಇದ್ದವಳು ನಾನು. ನಾನು ನನ್ನ ಕಣ್ಣನ್ನು ಎಂದೂ ನಂಬಿದವಳಲ್ಲ. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗಿ ನೋಡುವವಳು. ಅನ್ನ ಬೆಂದಿದೆಯೋ ಇಲ್ಲವೋ ಎಂದು ಗಂಡನಿಗೆ ಅಗುಳು ಹಿಸುಕಿ ತೋರಿಸುವವಳು. ನನಗೇನು ತಿಳಿಯುತ್ತದೆ ಬಿಡು ಎನ್ನುವುದರಲ್ಲಿ ಬಹಳ ಸುಖವಿದೆ. ಆ ಒಂದು ಮಾತಿನ ಕೆಳಗೆ ಎಷ್ಟು ಹೇಡಿತನವನ್ನಾದರೂ ಬಚ್ಚಿಡಬಹುದು.

ಮುಂದಿನ ವರ್ಷ ಜೈತುನಬಿ ಬಂದಳು. ನಮ್ಮ ಮನೆಯಿಂದ ಎರಡು ಓಣಿ ಆಚೆ ಜಂಪರ್ ಹೊಲಿದು ಬದುಕುವ ವಿಧವೆ, ನನಗಿಂತ ಹತ್ತು ವರ್ಷ ದೊಡ್ಡವಳು. ಒಬ್ಬಳೇ ಮಗಳು ಸನಮ. ಖಾನಾಪುರದ ಅದೇ ಮನೆಯಿಂದ, ದಿಲ್‌ಶಾದಳ ಗಂಡನಿಗೇ, ಸನಮಳನ್ನು ಕೇಳಿದ್ದರು. ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಅವಳೂ ಎದುರಿಗೆ ಕುಳಿತು ಮೊರದಲ್ಲಿ ಕೈಯಾಡಿಸಿದಳು.

“ಅನ್ವರಿ, ಮೊದಲನೇದಾಕಿಗೆ ಗುಸಲ್ ನೀನ ಕೊಟ್ಟೀದಿ. ಆಕಿ ಬಿದ್ದ ಸತ್ತದ್ದು ಖರೇ ಏನು? ಮಂದಿ ಏನೇನೋ ಅಂತಾರ.”

ಅವಳು ಮಂದಿಯ ಮಾತು ಬಿಟ್ಟು ನನ್ನ ಮಾತು ಕೇಳಲು ಬಂದಿದ್ದಳು. ನಾನು ಅಕ್ಕಿಯಿಂದ ತಲೆ ಎತ್ತಲಿಲ್ಲ.

“ಏನೂ ಇರಲಿಲ್ರಿ ಆಪಾ.”

ಒಂದು ಕಲ್ಲು ಆರಿಸಿ ಎಸೆದಷ್ಟು ಸಲೀಸಾಗಿ ಹೇಳಿದೆ. ನಿಕಾಹಿಗೆ ಹೋಗಿ ಬಿರಿಯಾನಿಯನ್ನೂ ಉಂಡು ಬಂದೆ. ನಾಚಿಕೆಗೆಟ್ಟ ಹೊಟ್ಟೆ, ಅದನ್ನೂ ಅರಗಿಸಿಕೊಂಡಿತು.

೨೦೦೧ರ ಜುಲೈ ತಿಂಗಳ ಒಂದು ಬೆಳಿಗ್ಗೆ ಏಳು ಗಂಟೆಗೆ ಜೈತುನಬಿ ಬರಿಗಾಲಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತಳು. ಮೂಲೆ ಅಂಗಡಿಗೆ ಫೋನ್ ಬಂದಿತ್ತು. ಸನಮ ನಸುಕಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡಳಂತೆ. ನನ್ನ ಗಂಡ ಕಲಂದರ ಖಾನಾಪುರ ಲೈನಿನಲ್ಲಿ ಟ್ರ್ಯಾಕ್ಸ್ ಜೀಪು ಓಡಿಸುತ್ತಾನೆ. ಕೂಡಲೇ ಗಾಡಿ ತೆಗೆದ.

“ನೀನ ಗುಸಲ್ ಕೊಡಬೇಕು” ಎಂದಳು ಜೈತುನಬಿ. “ನನ್ನ ಮಗಳ ಮೈ ಬ್ಯಾರೇದವರು ಮುಟ್ಟೂದು ಬ್ಯಾಡ.”

ಟಿಳಕವಾಡಿಯ ಮೂರನೇ ಗೇಟಿನಲ್ಲಿ ರೈಲಿಗಾಗಿ ಕಾಲು ತಾಸು ನಿಂತೆವು. ಅವಳು ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟು ಹಿಡಿದುಕೊಂಡಿದ್ದಳು. ಇಳಿದು ಓಡಿ ಹೋಗಬೇಕು ಎನಿಸಿತು. ರಕ್ತ ಇಳಿದದ್ದೇ ಇರಲಿ ಅಲ್ಲಾ, ಜಾರಿ ಬಿದ್ದದ್ದೇ ಇರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಆ ಹುಡುಗಿಗಾಗಿ ಬೇಡಿದ್ದಲ್ಲ, ನನಗಾಗಿ ಬೇಡಿದ್ದು. ಅದೂ ಗೊತ್ತಿತ್ತು.

ಖಾನಾಪುರದ ಆ ಮನೆಯ ಹಿತ್ತಲಲ್ಲಿ ಪರದೆ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ನೀರು ಕಾಯಿಸಿ ಇಟ್ಟಿದ್ದರು. ಮಳೆ ಬರುವ ಮೊದಲು ಮಣ್ಣಾಗಬೇಕು ಎಂಬ ಅವಸರ. ನೀರು ಹಾಕಲು ನಿಂತವಳು ದಿಲ್‌ಶಾದಳಿಗೂ ಹಾಕಿದ್ದ ಅದೇ ಅತ್ತೆ. ಮಗಳ ಮುಖ ನೋಡಿ ಎಚ್ಚರ ತಪ್ಪಿದ ಜೈತುನಬಿಯನ್ನು ಹೆಂಗಸರು ನಡುಮನೆಯಲ್ಲಿ ಕೂರಿಸಿದ್ದರು.

ಮೇಲೆ ಹೊದಿಸಿದ ಚಾದರವನ್ನು ಕುತ್ತಿಗೆಯಿಂದ ಸ್ವಲ್ಪ ಸರಿಸಿದೆ. ಕಿವಿಯ ಕೆಳಗೆ, ಎರಡೂ ಬದಿಗೆ, ಕಂದು ಗುರುತುಗಳು.

ಈ ಸಲ ಒತ್ತಿದೆ. ತೆಗೆದು ನೋಡಿದೆ. ಗುರುತು ಹಾಗೆಯೇ ಇತ್ತು. ಅವಳನ್ನು ಮಗ್ಗುಲಿಗೆ ತಿರುಗಿಸಿ, ಸೊಂಟದ ಹಿಂದೆ ನೇರಳೆಯಾದಲ್ಲಿ ಒತ್ತಿದೆ. ಬೆಳ್ಳಗಾಯಿತು, ಮೆಲ್ಲಗೆ ತುಂಬಿಕೊಂಡಿತು. ಮತ್ತೆ ಕುತ್ತಿಗೆಗೆ ಬಂದು ಬಲವಾಗಿ ಒತ್ತಿದೆ. ಬದಲಾಗಲಿಲ್ಲ.

“ಯಾಕ ನಿಂತಿ?” ಎಂದಳು ಆ ಅತ್ತೆ.

“ಖಾಲಾ, ನೀರು ಹಾಕಬ್ಯಾಡ್ರಿ.”

ಅವಳು ತಂಬಿಗೆ ಹಿಡಿದೇ ನನ್ನನ್ನು ನೋಡಿದಳು. ದನಿ ಎತ್ತಲಿಲ್ಲ. “ನಿನ್ನ ಕೆಲಸ ತೊಳಿಯೂದು, ಮುಚ್ಚೂದು. ನಿಮ್ಮತ್ತಿ ಇಷ್ಟೂ ಕಲಿಸಲಿಲ್ಲೇನು?”

“ಕಲಿಸ್ಯಾಳ್ರಿ. ಮೈಯತ್ತಿನ ಮೈ ಮ್ಯಾಲಿನ ಕುಂದು ಮುಚ್ತೀನಿ. ಇದು ಆಕೀದಲ್ಲ, ಮಾಡಿದವಂದು.”

ಮಾತು ಮಾತ್ರ ಧೈರ್ಯದ್ದು. ನನ್ನ ಹೆಬ್ಬೆರಳೇ ತಪ್ಪಿದ್ದರೆ? ಪೊಲೀಸರು ಬರುತ್ತಾರೆ, ಹುಡುಗಿಯ ಮೈ ಕೊಯ್ಯುತ್ತಾರೆ, ಒಂದು ಮನೆತನದ ಮಾನ ಬೀದಿಗೆ ಬೀಳುತ್ತದೆ. ಆಮೇಲೆ ಏನೂ ಇಲ್ಲ ಎಂದಾದರೆ? ಅನುಮಾನವೆಲ್ಲ ಹೋಗಲಿ, ಆಮೇಲೆ ಹೇಳೋಣ ಎಂದು ಮೂರು ವರ್ಷ ಕಾದಿದ್ದೆ. ಅದು ಹೋಗಿರಲಿಲ್ಲ, ಆಗಲೂ ಹೋಗಲಿಲ್ಲ. ಅದನ್ನು ಹೊತ್ತುಕೊಂಡೇ ಪರದೆ ಸರಿಸಿ ನಡುಮನೆಗೆ ಹೋದೆ.

ಜೈತುನಬಿ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಅಲ್ಲಿದ್ದ ಹೆಂಗಸರೆಲ್ಲ ಕೇಳುವಂತೆ ಹೇಳಿದೆ. “ಆಪಾ, ಸನಮ ಬಿದ್ದ ಸತ್ತಿಲ್ಲ. ಕುತಗಿ ಹಿಚಕ್ಯಾರ. ಮೊದಲನೇದಾಕಿ ಕುತಗಿ ಮ್ಯಾಲೂ ಹಿಂಗ ಇತ್ತು.”

ಅವಳು ಗೋಡೆಯಿಂದ ಬೆನ್ನೆತ್ತಿ ಮುಂದೆ ಬಾಗಿದಳು. “ನಾ ಬಂದು ಕೇಳಿದ್ನೆಲ್ಲ ನಿನ್ನ.”

“ಕೇಳಿದ್ರಿ. ನಾ ಸುಳ್ಳ ಹೇಳಿದೆ.”

ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. ಎದ್ದು ಗೋಡೆ ಹಿಡಿಯುತ್ತ ಹಿತ್ತಲಿಗೆ ಹೋಗಿ, ಪರದೆಯೊಳಗೆ ಮಗಳ ಪಕ್ಕ ಕುಳಿತಳು. ತಂಬಿಗೆಯನ್ನು ಆ ಅತ್ತೆಯ ಕೈಯಿಂದ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು.

ಹೊರಗೆ ಗಂಡಸರ ನಡುವೆ ಇದ್ದ ಕಲಂದರನನ್ನು ಬದಿಗೆ ಕರೆದು, ಸ್ಟೇಷನ್ನಿಗೆ ಹೋಗೋಣ ಎಂದೆ.

“ತಲಿ ನೆಟ್ಟಗೈತೇನು ನಿಂದು? ದಿನಾ ಇದ ರೋಡಿನ್ಯಾಗ ಗಾಡಿ ಹೊಡಿಬೇಕು ನಾ. ನಿನಗೇನು ತಿಳಿತೈತಿ, ಡಾಕ್ಟರಕಿ ಏನು ನೀ?”

ಇಷ್ಟು ದಿನ ನಾನೇ ನನಗೆ ಹೇಳಿಕೊಂಡ ಮಾತು ಅದು. ಅವನ ಬಾಯಲ್ಲಿ ಕೇಳಿದಾಗ ಸಿಟ್ಟು ಬಂತು. ಸ್ಟೇಷನ್ನಿನ ಕಡೆ ನಡೆಯತೊಡಗಿದೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಟ್ರ್ಯಾಕ್ಸ್ ಬಂದು ನಿಂತಿತು. ಕಲಂದರ ನನ್ನ ಮುಖ ನೋಡದೆ ಬಾಗಿಲು ತೆಗೆದ.

ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಂಡವನು ಹಣಮಪ್ಪ ಎಂಬ ವಯಸ್ಸಾದ ಹವಾಲ್ದಾರ. ಸನಮಳದನ್ನು ಬರೆದುಕೊಂಡ. ದಿಲ್‌ಶಾದಳದನ್ನು ಹೇಳುತ್ತಿದ್ದಂತೆ ಪೆನ್ನು ನಿಲ್ಲಿಸಿದ.

“ಮೂರು ವರ್ಷ ಯಾಕ ಸುಮ್ಮನಿದ್ರಿ, ಬಾಯಾರ?”

“ಅಂಜಿದ್ನಿರಿ.”

“ಹಂಗ ಬರದ್ರ ನಿಮಗೂ ತ್ರಾಸ ಆಕೈತಿ, ನೋಡ್ರಿ. ಅದನ್ನ ಬಿಡೂಣೇನು?”

“ಬಿಡಬ್ಯಾಡ್ರಿ. ಸನಮನ ತಾಯಿಗಿ ಸುಳ್ಳ ಹೇಳಿದ್ದೂ ಬರಕೊಳ್ರಿ.”

ಅವನು ಬರೆದ. ಓದಿ ಹೇಳಿದ. ಸಹಿ ಮಾಡಿದೆ. ಎದೆ ಹಗುರಾಗುತ್ತದೆ ಎಂದು ಜನ ಹೇಳುತ್ತಾರಲ್ಲ, ಅದು ಸುಳ್ಳು. ಏನೂ ಹಗುರಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸನಮಳನ್ನು ಬೆಳಗಾವಿಯ ದೊಡ್ಡಾಸ್ಪತ್ರೆಗೆ ಒಯ್ದರು. ಡಾಕ್ಟರು ಕೊಯ್ದು ನೋಡಿ, ಕುತ್ತಿಗೆ ಹಿಸುಕಿದ್ದೇ ಎಂದು ಬರೆದರು. ರಾತ್ರಿಯೊಳಗೆ ಸನಮಳ ಗಂಡನನ್ನು ಹಿಡಿದರು. ಕೋರ್ಟು ಏನು ಮಾಡುತ್ತದೋ ಆಗ ಯಾರಿಗೂ ಗೊತ್ತಿರಲಿಲ್ಲ. ಕ್ಯಾಂಪಿನಲ್ಲಿ ಮಾತ್ರ ನನ್ನ ತೀರ್ಪು ಮರುದಿನ ಬೆಳಗಾಗುವುದರೊಳಗೆ ಆಗಿತ್ತು. ಪರದೆಯೊಳಗಿನದನ್ನು ಬೀದಿಗೆ ತಂದವಳು, ಇವಳ ಕೈಗೆ ಇನ್ನು ಯಾರ ಮೈಯನ್ನೂ ಕೊಡಬಾರದು ಎಂದರು. ತಾಯಿಗೆ ಸುಳ್ಳು ಹೇಳಿದವಳು ಎಂದು ಮಾತ್ರ ಯಾರೂ ಅನ್ನಲಿಲ್ಲ. ಅನ್ನಬೇಕಾದದ್ದು ಅದನ್ನೇ.

ಮರುದಿನ ಸನಮಳನ್ನು ತಾಯಿಯ ಮನೆಗೆ ತಂದರು. ಬಾರಿ ಎಲೆ, ಕರ್ಪೂರ ಕಟ್ಟಿಕೊಂಡು ಹೋದೆ. ಜೈತುನಬಿ ಬಾಗಿಲಲ್ಲಿ ನಿಂತು ಗಂಟನ್ನು ಇಸಿದುಕೊಂಡಳು.

“ನೀ ಬ್ಯಾಡ. ನಾನೂ ನನ್ನ ತಂಗೀನೂ ಮಾಡ್ತೀವಿ” ಎಂದು ಬಾಗಿಲು ಹಾಕಿಕೊಂಡಳು.

ನಾನು ಹೋಗಲಿಲ್ಲ. ಮಳೆ ಹನಿಯತೊಡಗಿತು. ಗೋಡೆಗೆ ಒರಗಿ ನಿಂತೆ. ಒಳಗೆ ಪಾತ್ರೆಯ ಸದ್ದು, ತಂಗಿಯ ಬಿಕ್ಕು. ಬಹಳ ಹೊತ್ತಾದ ಮೇಲೆ ಬಾಗಿಲ ಆಚೆಯಿಂದ ಜೈತುನಬಿಯ ದನಿ ಕೇಳಿತು.

“ಅನ್ವರಿ, ಅದಿಯೇನು?”

“ಅದೀನ್ರಿ ಆಪಾ.”

“ಎಲ್ಲಿಂದ ಸುರು ಮಾಡಬೇಕು?”

“ಬಲಗೈಲಿಂದ್ರಿ. ಮೂರು ಸರ್ತಿ ನೀರು ಹಾಕ್ರಿ. ಆಮ್ಯಾಲ ಮುಖ.”

ನೀರು ಬಿದ್ದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಎದಿ ತುಂಬ ಹೊಲಿಗಿ ಹಾಕ್ಯಾರ. ಇಲ್ಲಿ ಕೈ ಹೆಂಗ ಹಚ್ಚಲಿ?”

ಬಾಗಿಲಿಗೆ ಬಾಯಿ ಹತ್ತಿರ ಮಾಡಿ ಹೇಳಿದೆ. “ತಿಕ್ಕಬ್ಯಾಡ್ರಿ. ಹತ್ತಿ ಹರವಿ ಅದರ ಮ್ಯಾಲ ಸಾವಕಾಶ ನೀರು ಬಿಡ್ರಿ.”

“ನೀರು ಬಾಳ ಬಿಸಿ ಆಗೈತೋ ಏನೋ. ಹೆಂಗ ತಿಳೀಬೇಕು?”

“ನಿಮ್ಮ ಮುಂಗೈ ಮ್ಯಾಲ ಹಾಕ್ಕೊಂಡು ನೋಡ್ರಿ ಆಪಾ. ಆಕಿ ಕೂಸಿದ್ದಾಗ ನೋಡ್ತಿದ್ರೆಲ್ಲ, ಹಂಗ.”

ಒಳಗೆ ತಂಬಿಗೆ ಕೆಳಗೆ ಬಿತ್ತು. ಜೈತುನಬಿ ಅಳತೊಡಗಿದಳು. ಎರಡು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಅವಳು ಅತ್ತು ಮುಗಿಸುವವರೆಗೂ ನಾನು ಬಾಗಿಲಿಗೆ ಕಿವಿ ಕೊಟ್ಟು ಮಳೆಯಲ್ಲಿ ನಿಂತಿದ್ದೆ. ಮುಂದೆ ಎಲ್ಲಿ ತೊಳೆಯಬೇಕು ಎಂದು ಹೇಳಬೇಕಿತ್ತು.