ಎಡಗಾಲು ಮೊದಲು

ನಾನು ಒಂದು ಬಲಗಾಲು. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಹುಟ್ಟಿದೆ. ಮೈ ಅಲ್ಯೂಮಿನಿಯಂ, ಮೊಣಕಾಲಿನಲ್ಲಿ ಮೋಟಾರು, ಪಾದದಡಿ ಭಾರ ಅಳೆಯುವ ಸೆನ್ಸರುಗಳು. ನನಗೆ ನಡಿಗೆ ಕಲಿಸಿದ್ದು ಜಮಖಂಡಿ ಪ್ರೊಫೆಸರರ ಗಣಿತ. ಅದರ ಮೊದಲ ನಿಯಮ: ತೊಟ್ಟವರ ಗಟ್ಟಿ ಎಡಗಾಲು ಮೊದಲು ಹೆಜ್ಜೆ ಇಡಬೇಕು, ಆಮೇಲೆ ನಾನು ಬಾಗಬೇಕು. ಅಲ್ಲಿಯವರೆಗೆ ಕಂಬದ ಹಾಗೆ ನೆಟ್ಟಗಿರಬೇಕು.

ನನ್ನನ್ನು ತೊಟ್ಟವಳು ಬಸ್ ಕಂಡಕ್ಟರ್ ನೀಲವ್ವ. ಡಿಪೋದಲ್ಲಿ ಹಿಂದೆ ಸರಿದ ಬಸ್ಸು ಅವಳ ಬಲಗಾಲನ್ನು ಜಜ್ಜಿತ್ತು. ಡಾಕ್ಟರರು ಮೊಣಕಾಲಿನ ಮೇಲಕ್ಕೆ ಕತ್ತರಿಸಿದ್ದರು. ನನಗೂ ಅವಳಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ನಾನು ಅವಳ ತೊಡೆಯ ಚರ್ಮ ಸುಲಿದೆ. ಅವಳು ನನ್ನನ್ನು ಬಿಚ್ಚಿ ನೆಲಕ್ಕೆ ಕುಕ್ಕುತ್ತಿದ್ದಳು. ಮುದಿ ಎತ್ತಾದರೂ ಬಾರಕೋಲಿಗೆ ಏಳುತ್ತದೆ, ಇದು ಏಳುವುದಿಲ್ಲ ಎನ್ನುತ್ತಿದ್ದಳು. ಆದರೂ ಪ್ರಯೋಗಾಲಯಕ್ಕೆ ಬರುವುದನ್ನು ಬಿಡಲಿಲ್ಲ. ಬಸ್ ಹತ್ತಿ ತೋರಿಸಿದರೆ ಮತ್ತೆ ಕಂಡಕ್ಟರ್ ಕೆಲಸ, ಇಲ್ಲದಿದ್ದರೆ ಕಚೇರಿಯಲ್ಲಿ ಬಂದವರಿಗೆ ನೀರು ಕೊಡುವ ಕೆಲಸ ಎಂದು ಡಿಪೋ ಮ್ಯಾನೇಜರ್ ಹೇಳಿದ್ದರು.

ತಾನು ಯಾವಾಗಲೂ ಮೆಟ್ಟಿಲು ಮುಟ್ಟಿ, ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟೇ ಬಸ್ ಹತ್ತುವವಳು ಎಂದು ನೀಲವ್ವ ಒಮ್ಮೆ ಹೇಳಿದಳು. ಪ್ರೊಫೆಸರ್ ನಕ್ಕರು.

"ಗಣಿತಕ್ಕ ಶಕುನ ಇರಂಗಿಲ್ಲ, ಯವ್ವಾ."

ನಿಯಮ ಬದಲಿಸಿದರೆ ಸಮ್ಮೇಳನಕ್ಕೆ ಕಳಿಸಿದ್ದ ಫಲಿತಾಂಶಗಳನ್ನೆಲ್ಲ ಮತ್ತೆ ತೆಗೆಯಬೇಕಿತ್ತು. ಆದ್ದರಿಂದ ನನ್ನನ್ನು ಬಿಟ್ಟು, ಎಡಗಾಲು ಮೊದಲಿಡುವಂತೆ ಅವಳನ್ನು ತಿದ್ದಿದರು. ಟ್ರೆಡ್‌ಮಿಲ್ಲಿನ ಮೇಲೆ, ಪ್ರಯೋಗಾಲಯದ ಮರದ ಮೆಟ್ಟಿಲ ಮೇಲೆ ಅವಳು ತಪ್ಪಲಿಲ್ಲ.

ಪರೀಕ್ಷೆಯ ದಿನ ಡಿಪೋದಲ್ಲಿ ನಿಜವಾದ ಬಸ್ಸು ನಿಂತಿತ್ತು. ಡ್ರೈವರ್ ಇಂಜಿನ್ ಚಾಲೂ ಮಾಡಿದ. ನೀಲವ್ವನ ಕೈ ತಾನಾಗಿಯೇ ಮೆಟ್ಟಿಲು ಮುಟ್ಟಿತು, ಕಣ್ಣಿಗೆ ಹೋಯಿತು. ತೊಡೆ ನನ್ನನ್ನು ಎತ್ತಿತು. ಎಡಗಾಲು ಇನ್ನೂ ನೆಲದ ಮೇಲಿತ್ತು. ನಾನು ಬಾಗಲಿಲ್ಲ. ನನ್ನ ಪಾದದ ತುದಿ ಮೆಟ್ಟಿಲಿನ ಅಂಚಿಗೆ ಬಡಿಯಿತು. ಅವಳು ಮುಖ ಅಡಿಯಾಗಿ ಬಿದ್ದಳು.

"ಯಂತ್ರ ಬರೋಬ್ಬರಿ ಐತ್ರಿ," ಪ್ರೊಫೆಸರ್ ಮ್ಯಾನೇಜರಿಗೆ ಹೇಳಿದರು. "ಆಕೀನ ತಪ್ಪು ಕಾಲು ಇಟ್ಟಾಳ."

ನೀಲವ್ವ ತುಟಿಯ ರಕ್ತ ಒರೆಸಿಕೊಳ್ಳಲಿಲ್ಲ. ಕೂತಲ್ಲೇ ನನ್ನ ಪಟ್ಟಿ ಬಿಚ್ಚಿ ಅವರ ಬೂಟಿನ ಮುಂದೆ ಎಸೆದಳು.

"ತಗೋರಿ ಸರ್. ಇದು ನಿಮ್ಮ ಕಾಲು. ನೀವ ಹಾಕ್ಕೊಂಡು ಹತ್ರಿ."

ಈಗ ಅವಳು ಕಚೇರಿಯಲ್ಲಿ ನೀರು ಕೊಡುತ್ತಾಳಂತೆ. ಅವಳ ಮೇಲೆ ನನಗೆ ಪ್ರೀತಿ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವಳು ಇಟ್ಟದ್ದು ತಪ್ಪು ಕಾಲಲ್ಲ.

ನಾನು ಪ್ರಯೋಗಾಲಯದ ಮೂಲೆಯಲ್ಲಿ ಒಂದು ಸ್ಟ್ಯಾಂಡಿಗೆ ನೇತುಬಿದ್ದಿದ್ದೇನೆ. ಅತಿಥಿಗಳು ಬಂದಾಗ ಧೂಳು ಒರೆಸಿ ಕರೆಂಟು ಕೊಡುತ್ತಾರೆ. ಎಡಗಾಲಿನ ಬದಲು ಒಂದು ಕಬ್ಬಿಣದ ಸಲಾಕೆ ಮುಂದೆ ಸರಿಯುತ್ತದೆ, ಅದರ ಹಿಂದೆ ನಾನು ಅಚ್ಚುಕಟ್ಟಾಗಿ ಬಾಗುತ್ತೇನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ನಾನು ಒಮ್ಮೆಯೂ ಸೋತಿಲ್ಲ. ನನ್ನನ್ನು ತೊಟ್ಟು ಬೀಳಲು ಯಾರೂ ಇಲ್ಲ.