ಕಂಬಗಳ ನಡುವೆ

ನಾನು ದರ್ಜಿ. ಅಳತೆಯ ವಿಷಯದಲ್ಲಿ ಯಾರಾದರೂ ನನ್ನ ಕಣ್ಣಿಗೆ ಮಣ್ಣೆರಚಲು ಬಂದರೆ ಸಿಟ್ಟು ನೆತ್ತಿಗೇರುತ್ತದೆ. ಅದರಲ್ಲೂ ಆ ಅಳತೆ ನನ್ನ ಮೈಯದೇ ಆಗಿದ್ದರೆ ಕೇಳುವುದೇ ಬೇಡ.

ಮನೆಯಿಂದ ನನ್ನ ಅಂಗಡಿಗೆ ಮುನ್ನೂರ ಐವತ್ತು ಮೀಟರ್. ನಡೆಯುವವರಿಗೆ ಐದು ನಿಮಿಷದ ದಾರಿ. ನನಗೆ ಹನ್ನೊಂದು ವರ್ಷಗಳಿಂದ ಗಾಲಿಕುರ್ಚಿಯೇ ಕಾಲು. ಬೀದಿಯ ಎರಡೂ ಬದಿಗೆ ಕಲ್ಲು ಹಾಸಿದ ಫುಟ್‌ಪಾತ್ ಇದೆ, ನೋಡಲು ಬಹಳ ಚೆಂದ. ಆದರೆ ಅದು ರಸ್ತೆಯಿಂದ ಒಂದು ಗೇಣು ಎತ್ತರ, ಮೂಲೆ ಮೂಲೆಗೂ ಮೆಟ್ಟಿಲು. ಹಾಗಾಗಿ ನಾನು ಬಸ್ಸುಗಳ ಮಧ್ಯೆ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದೆ. ಅದೂ ಸುಳ್ಳು. ಕೈಯಲ್ಲಿ ಚಕ್ರ ಇರುತ್ತಿತ್ತು, ಜೀವವನ್ನು ಎಲ್ಲಿ ಹಿಡಿದುಕೊಳ್ಳುತ್ತಿದ್ದೆನೋ ಗೊತ್ತಿಲ್ಲ.

ಕಳೆದ ವರ್ಷ ಒಂದು ಬಸ್ಸು ಕುರ್ಚಿಗೆ ತಾಗಿ ಹೋಯಿತು. ಎಡಗಡೆಯ ಚಕ್ರ ಸೊಟ್ಟಗಾಯಿತು, ನನ್ನ ಮೊಣಕೈ ಮುರಿಯಿತು. ಎರಡು ತಿಂಗಳು ಅಂಗಡಿಗೆ ಬೀಗ. ನನ್ನ ಜೊತೆ ಇರುವುದು ಚಿಕ್ಕಮ್ಮ ಒಬ್ಬಳೇ. ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಅವಳ ಕೆಲಸ, ಜೊತೆಗೆ ಬಂದವರನ್ನೆಲ್ಲ ಛೇಡಿಸುವುದೂ. ಬೆಳಿಗ್ಗೆ ಮೊದಲೇ ಹೋಗಿ ಬಾಗಿಲು ತೆಗೆದು, ನಾನು ರಸ್ತೆಯಿಂದ ಹತ್ತಲು ಹಲಗೆ ಇಟ್ಟು ಕಾಯುತ್ತಾಳೆ. ಮುರಿದ ಕೈಗೆ ಎಣ್ಣೆ ಹಚ್ಚುತ್ತಾ ಅವಳು ಅಂದಳು:

"ಆ ಕೇಸು ಏನಾದ್ರೂ ಬಿದ್ದುಹೋದ್ರೆ ಮಿಷನ್ ಮನೆಗೆ ತರಿಸಿಬಿಡ್ತೀನಿ, ಈಗಲೇ ಹೇಳಿದೀನಿ. ನೀನು ಬಂದು ಮುಟ್ಟೋವರೆಗೂ ದಿನಾ ನನ್ನ ಪ್ರಾಣ ಬಾಯಿಗೆ ಬಂದಿರುತ್ತೆ. ನನ್ನ ಕೈಲಿ ಇನ್ನಾಗಲ್ಲ ಕಣೇ."

ನಾನು ಹೂಂ ಅಂದೆ. ಏಕೆ ಅಂದೆನೋ ಅಂತ ಆಮೇಲೆ ಹಲ್ಲು ಕಡಿದುಕೊಂಡೆ. ಮನೆಯಲ್ಲಿ ಮಿಷನ್ ಇಡಲು ಜಾಗವಿರುವುದು ನಡುಮನೆಯ ಕಿಟಕಿಯ ಹತ್ತಿರ ಮಾತ್ರ, ಆ ಕಿಟಕಿ ತೆರೆದರೆ ಕಾಣುವುದು ಪಕ್ಕದ ಮನೆಯ ಗೋಡೆ. ಅಂಗಡಿಗಾದರೆ ಬೀದಿಗೆ ಮುಖ ಮಾಡಿದ ದೊಡ್ಡ ಗಾಜು ಇದೆ. ಅಂಗಿ ಬಿಗಿಯಾಯಿತೆಂದು ಜಗಳಕ್ಕೆ ಬರುವವರು, ಮದುವೆಯ ಕೋಟಿನ ಅಳತೆ ಕೊಡುತ್ತಾ ಹುಡುಗಿಯ ಬಗ್ಗೆ ಅನುಮಾನ ಹೇಳಿಕೊಳ್ಳುವವರು, ಸುಮ್ಮನೆ ಬಂದು ಕೂರುವವರು. ಅದು ಹೋದರೆ ನಾನು ಗೋಡೆ ನೋಡಿಕೊಂಡು ಮುದುಕಿಯಾಗಬೇಕು.

ಕೇಸು ಅಂದೆನಲ್ಲ, ಅದು ಶುರುವಾದದ್ದೂ ಒಂದು ಕೋಟಿನಿಂದಲೇ. ನಾಲ್ಕು ವರ್ಷದ ಹಿಂದೆ ವಕೀಲೆಯೊಬ್ಬಳು ತನ್ನ ಕರಿಕೋಟಿನ ಭುಜ ಸರಿ ಮಾಡಿಸಲು ಬಂದಿದ್ದಳು. ನಾನು ರಸ್ತೆಯಿಂದ ಬರುವುದನ್ನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಳು. "ಅಕ್ಕಾ, ಇದಕ್ಕೆ ಕಾನೂನು ಇದೆ ಗೊತ್ತಾ?" ಅಂದಳು. "ಕಾನೂನು ಇದ್ರೆ ಅದನ್ನೇ ಒಂದ್ಸಲ ಈ ರಸ್ತೆ ದಾಟಿಸಿ ತೋರಿಸಮ್ಮ," ಅಂದೆ. ಅವಳು ನಗಲಿಲ್ಲ. ಮರುವಾರ ಅರ್ಜಿ ಬರೆದುಕೊಂಡು ಸಹಿಗೆ ಬಂದಳು.

ಮೂರು ವರ್ಷ ವಾಯಿದೆ ಮೇಲೆ ವಾಯಿದೆ. ಕೋರ್ಟಿನ ಮುಂಬಾಗಿಲಿಗೆ ಒಂಬತ್ತು ಮೆಟ್ಟಿಲು. ಹಿಂದುಗಡೆ ಕಡತದ ಗಾಡಿ ತಳ್ಳಲು ಒಂದು ಇಳಿಜಾರು ಇತ್ತು. ಕಾಗದಕ್ಕೆ ಮಾಡಿಕೊಟ್ಟ ದಾರಿಯಲ್ಲಿ ನಾನು ಒಳಗೆ ಹೋಗುತ್ತಿದ್ದೆ. ಕೊನೆಗೂ ಆದೇಶ ಬಂತು: ನಮ್ಮ ಬೀದಿಯ ಪ್ರತಿ ಮೂಲೆಯಲ್ಲೂ ಇಳಿಜಾರು ಕಟ್ಟಬೇಕು. ಮೋಟರ್‌ಸೈಕಲ್‌ಗಳು ಹತ್ತದ ಹಾಗೆ ಕಂಬ ನೆಡಬಹುದು, ಆದರೆ ಎರಡು ಕಂಬಗಳ ನಡುವೆ ತೊಂಬತ್ತು ಸೆಂಟಿಮೀಟರ್ ಇರಬೇಕು. ಅಂದು ಚಿಕ್ಕಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ನಗರಸಭೆಯವರು ಇಳಿಜಾರು ಕಟ್ಟಿದರು, ಕಂಬವನ್ನೂ ನೆಟ್ಟರು. ಮೊದಲ ದಿನ ಹೊಸ ಇಳಿಜಾರು ಹತ್ತಿದೆ. ಕಂಬಗಳ ಹತ್ತಿರ ಬಂದವಳೇ ಎರಡೂ ಕೈಯ ಗೆಣ್ಣು ಸುಲಿಸಿಕೊಂಡೆ. ಕುರ್ಚಿ ತೂರುತ್ತದೆ, ಚಕ್ರ ತಿರುಗಿಸುವ ಕೈ ತೂರುವುದಿಲ್ಲ. ಕತ್ತಿನಲ್ಲಿದ್ದ ಟೇಪು ಬಿಚ್ಚಿ ಅಳೆದೆ. ಅರವತ್ತೆಂಟು.

ನಗರಸಭೆಯ ಇಂಜಿನಿಯರು ಅಷ್ಟರಲ್ಲಿ ಕೋರ್ಟಿಗೆ ವರದಿ ಕೊಟ್ಟಾಗಿತ್ತು: ಆದೇಶ ಪೂರ್ತಿ ಪಾಲನೆಯಾಗಿದೆ, ಕೇಸು ಮುಗಿಸಬಹುದು. ವಕೀಲೆ ತಕರಾರು ಹಾಕಿದಳು. ಸ್ಥಳ ನೋಡಿ ಬರಲು ಕೋರ್ಟು ಒಬ್ಬ ಅಧಿಕಾರಿಯನ್ನು ಕಳಿಸಿತು.

ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಮೂಲೆಯಲ್ಲಿ ಸೇರಿದೆವು. ಇಂಜಿನಿಯರು ನೀಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಕೈಯಲ್ಲಿ ಉಕ್ಕಿನ ಟೇಪು. ಅದರ ಒಂದು ತುದಿಯನ್ನು ಒಂದು ಕಂಬದ ನೆತ್ತಿಯ ನಟ್ಟನಡುವೆ ಇಟ್ಟರು, ಇನ್ನೊಂದು ತುದಿಯನ್ನು ಪಕ್ಕದ ಕಂಬದ ನೆತ್ತಿಯ ನಟ್ಟನಡುವೆ.

"ನೋಡಿ ಸಾರ್, ತೊಂಬತ್ತು. ಒಂದು ಕೂದಲೆಳೆ ಆಚೀಚೆ ಇಲ್ಲ."

"ಕಂಬದ ದಪ್ಪ ಎಲ್ಲಿ ಹೋಯ್ತು ಸಾರ್?" ಅಂದೆ. "ಅದರೊಳಗೇ ಇಪ್ಪತ್ತೆರಡು ನುಂಗಿಬಿಟ್ರಲ್ಲ!"

"ಆದೇಶ ಓದಿಕೊಳ್ಳಿ ಅಮ್ಮ. ಕಂಬಗಳ ನಡುವೆ ಅಂತಿದೆ. ನಡು ಅಂದ್ರೆ ಮಧ್ಯ. ಮಧ್ಯದಿಂದ ಮಧ್ಯಕ್ಕೆ ನಾವು ಅಳೆದಿದೀವಿ. ನಮ್ಮ ಲೆಕ್ಕದಲ್ಲಿ ಯಾವಾಗಲೂ ಹಾಗೇ."

ಅವರು ತಮಾಷೆ ಮಾಡುತ್ತಿದ್ದಾರೆಂದು ಒಂದು ಕ್ಷಣ ಅಂದುಕೊಂಡೆ. ಮುಖ ನೋಡಿದೆ, ಎಳ್ಳಷ್ಟೂ ನಗುವಿಲ್ಲ. ಪಕ್ಕದಲ್ಲಿ ವಕೀಲೆಯ ಮುಖ ಬಾಡಿಹೋಯಿತು. "ಆ ಪದ ಹಾಕಿದ್ದು ನಾನೇ ಅಕ್ಕಾ," ಅಂದಳು ಮೆಲ್ಲಗೆ. "ಯಾರಿಗೂ ಅನುಮಾನ ಬರಲ್ಲ ಅಂದ್ಕೊಂಡಿದ್ದೆ." ಅವಳ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಇಬ್ಬರ ನಡುವೆ ಕೂರು ಅಂದರೆ ಯಾರಾದರೂ ಒಬ್ಬರ ಹೊಟ್ಟೆಯ ಮೇಲೆ ಕೂರುತ್ತಾರೆಯೇ?

ಅಧಿಕಾರಿ ಗೊಂದಲಕ್ಕೆ ಬಿದ್ದರು. "ಒಂದು ಕುರ್ಚಿ ದಾಟಿಸಿ ನೋಡೋಣ," ಅಂದರು. ಇಂಜಿನಿಯರಿಗೆ ಅಷ್ಟೇ ಬೇಕಾಗಿತ್ತು. ವ್ಯಾನಿನಿಂದ ನಗರಸಭೆಯ ಹೊಸ ಗಾಲಿಕುರ್ಚಿ ಇಳಿಯಿತು. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಅವರು ಹಿಂದಿನಿಂದ ಮೆಲ್ಲಗೆ ತಳ್ಳಿದರು. ಖಾಲಿ ಕುರ್ಚಿ ಎರಡು ಕಂಬಗಳ ಮಧ್ಯೆ ಸಲೀಸಾಗಿ ತೂರಿ ಆಚೆ ಹೋಗಿ ನಿಂತಿತು. ಅಧಿಕಾರಿ ಬರೆದುಕೊಂಡರು: ಗಾಲಿಕುರ್ಚಿ ದಾಟಿತು.

"ಅದರಲ್ಲಿ ಯಾರೂ ಕೂತಿಲ್ವಲ್ಲ!" ಎಂದು ಕೂಗಿದೆ.

"ಕೈನ ಮಡಿಲಲ್ಲಿಟ್ಟುಕೊಂಡು ಕೂತ್ಕೊಳಿ. ಹಿಂದಿನಿಂದ ಯಾರಾದ್ರೂ ತಳ್ಳಿದ್ರೆ ಆಯ್ತಪ್ಪ," ಅಂದರು ಇಂಜಿನಿಯರು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೇ ಇತ್ತು. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮನ್ನ ದಿನಾ ಆಫೀಸಿಗೆ ಯಾರು ಸಾರ್ ತಳ್ಳಿಕೊಂಡು ಬರೋದು?"

ಅವರು ಟೇಪು ಸುತ್ತಿಕೊಂಡರು.

ಆ ವಾರ ಚಿಕ್ಕಮ್ಮ ನಡುಮನೆಯ ಕಿಟಕಿಯ ಕೆಳಗಿದ್ದ ಪೆಟ್ಟಿಗೆಗಳನ್ನು ಎತ್ತಿ ಬೇರೆ ಕಡೆ ಜೋಡಿಸಿದಳು. ಮಿಷನ್ನಿಗೆ ಜಾಗ ಮಾಡುತ್ತಿದ್ದಾಳೆಂದು ನನಗೆ ಗೊತ್ತಾಯಿತು.

ಕೋರ್ಟಿನ ದಿನ ಬಂತು. ನ್ಯಾಯಾಧೀಶರು ಅಧಿಕಾರಿಯ ವರದಿ ಓದಿ ಕನ್ನಡಕ ತೆಗೆದರು. "ಕುರ್ಚಿ ದಾಟಿದೆ ಅಂತ ಇಲ್ಲಿದೆ. ಇನ್ನೇನು ಉಳೀತು?" ವಕೀಲೆ ಎದ್ದು 'ನಡುವೆ' ಪದದ ಬಗ್ಗೆ ವಾದ ಶುರುಮಾಡಿದಳು. ಆ ಕಡೆಯ ವಕೀಲರು ಎದ್ದು ತಮ್ಮ ಅರ್ಥ ಹೇಳಿದರು. ಇಬ್ಬರೂ ಆ ಒಂದು ಪದವನ್ನು ಹಿಡಿದು ಅರ್ಧ ಗಂಟೆ ಜಗ್ಗಾಡಿದರು. ಕೇಸು ಕೈಬಿಟ್ಟು ಹೋಗುತ್ತಿದೆ ಅನಿಸಿತು. ನಾನು ಕೈ ಎತ್ತಿದೆ.

"ಸ್ವಾಮಿ, ನಾನೊಂದು ಮಾತು ಹೇಳಬಹುದಾ? ನಡುವಿನ ವಿಷಯ ನನಗೆ ಇವರಿಗಿಂತ ಸ್ವಲ್ಪ ಜಾಸ್ತಿನೇ ಗೊತ್ತು. ನಾನು ದರ್ಜಿ. ದಿನಾ ಹತ್ತು ಜನರ ನಡು ಅಳೀತೀನಿ."

ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಹೇಳಿ ಎಂಬಂತೆ ತಲೆ ಆಡಿಸಿದರು.

"ಅಂಗಿ ಹೊಲಿದು ಹ್ಯಾಂಗರಿಗೆ ತೂಗುಹಾಕಿ, ನೋಡಿ ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ ನೀವು ತಗೊಳ್ತೀರಾ? ಹ್ಯಾಂಗರಿಗೆ ಹೊಟ್ಟೆ ಇಲ್ಲ, ಅದು ಉಸಿರಾಡಲ್ಲ, ಕೈ ಎತ್ತಲ್ಲ. ಇವರು ಮಾಡಿದ್ದು ಅದೇ. ಖಾಲಿ ಕುರ್ಚಿನ ದಾಟಿಸಿದ್ರು. ಖಾಲಿ ಕುರ್ಚಿಗೆ ಎಲ್ಲಿಗೆ ಸ್ವಾಮಿ ಹೋಗಬೇಕಾಗಿತ್ತು? ಅಂಗಡಿಗೆ ಹೋಗಬೇಕಾಗಿದ್ದು ನಾನು." ಸುಲಿದ ಗೆಣ್ಣು ತೋರಿಸಿದೆ. "ಅಳೆಯೋದಾದ್ರೆ ನನ್ನನ್ನ ಕೂರಿಸಿ ಅಳೀರಿ."

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ಇಂಜಿನಿಯರನ್ನು ಕರೆದರು.

"ಕಂಬ ಕಿತ್ತು ಸರಿಯಾಗಿ ನೆಡೋದಕ್ಕೆ ಎಷ್ಟು ದಿನ ಬೇಕು?"

"ಹೊಸ ಟೆಂಡರ್ ಕರೀಬೇಕು ಸ್ವಾಮಿ. ಆರು ತಿಂಗಳು."

"ಅಲ್ಲಿವರೆಗೆ ಇವರು ಕೆಲಸಕ್ಕೆ ಹೇಗೆ ಹೋಗ್ತಾರೆ?"

"ಇಷ್ಟು ದಿನ ಹೋಗ್ತಿದ್ರಲ್ಲ ಸ್ವಾಮಿ, ರಸ್ತೆಯಲ್ಲಿ... ಹಾಗೇ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ನೀವೂ ಹೋಗಿ," ಅಂದು ಬರೆಸಿದರು: ಕಂಬಗಳು ಸರಿಹೋಗುವವರೆಗೆ ಇಂಜಿನಿಯರು ದಿನವೂ ಬೆಳಿಗ್ಗೆ ಎಂಟೂವರೆಗೆ ಅರ್ಜಿದಾರಳ ಮನೆಯಿಂದ ಅವಳ ಅಂಗಡಿಯವರೆಗೆ ಅವಳ ಪಕ್ಕದಲ್ಲಿ, ವಾಹನಗಳು ಬರುವ ಬದಿಯಲ್ಲಿ, ರಸ್ತೆಯ ಮೇಲೆ ನಡೆಯಬೇಕು.

ಮೊದಲ ದಿನ ಅವರು ಮುಖ ಗಂಟಿಕ್ಕಿಕೊಂಡೇ ಬಂದರು. ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಬೆನ್ನ ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಅವರು ಛಂಗನೆ ಫುಟ್‌ಪಾತಿಗೆ ಹಾರಿದರು.

"ಇಳೀರಿ ಸಾರ್," ಅಂದೆ. "ನನ್ನ ಪಕ್ಕ ಅಂತ ಬರೆದಿದಾರೆ."

ಇಳಿದರು. ಎರಡನೆಯ ದಿನ ಲಾರಿಯೊಂದು ಅವರ ಚೀಲವನ್ನು ಸವರಿಕೊಂಡು ಹೋಯಿತು. ಅಂಗಡಿ ತಲುಪಿದಾಗ ಚಿಕ್ಕಮ್ಮ ಸ್ಟೂಲು ಎಳೆದುಕೊಟ್ಟು ನೀರು ಕೊಟ್ಟಳು. ಅವರು ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದರು.

ಮೂರನೆಯ ದಿನ ಅಂಗಡಿಯ ಬಾಗಿಲಲ್ಲಿ ಚಿಕ್ಕಮ್ಮನ ಜೊತೆ ಇನ್ನೊಬ್ಬ ಹೆಂಗಸು ನಿಂತಿದ್ದಳು. ಇಂಜಿನಿಯರ ಹೆಂಡತಿ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು. ಗಂಡ ಅಂಗಡಿಯ ಬಾಗಿಲು ಮುಟ್ಟಿದ ಮೇಲೆ ಉಸಿರು ಬಿಟ್ಟು ನನ್ನ ಕಡೆ ತಿರುಗಿದಳು.

"ನೀವು ದಿನಾ ಹೀಗೇನಾ ಬರೋದು?"

"ಹನ್ನೊಂದು ವರ್ಷ ಆಯ್ತಮ್ಮ," ಅಂದಳು ಚಿಕ್ಕಮ್ಮ. "ನಾನೂ ಹನ್ನೊಂದು ವರ್ಷದಿಂದ ಇಲ್ಲೇ ನಿಂತಿದೀನಿ."

ಅವಳು ಗಂಡನ ಮುಖ ನೋಡಿದಳು. ಅವರು ತಲೆ ತಗ್ಗಿಸಿದರು.

ನಾಲ್ಕನೆಯ ದಿನ ಬೆಳಿಗ್ಗೆ ಮೂಲೆಗೆ ಹೋದರೆ ಕಂಬಗಳೇ ಇಲ್ಲ. ಕೆಲಸದವರು ಹೊಸ ಗುಂಡಿ ತೋಡುತ್ತಿದ್ದರು. ಟೆಂಡರ್ ಎಲ್ಲಿ ಹೋಯಿತೋ, ಆರು ತಿಂಗಳು ಎಲ್ಲಿ ಹೋಯಿತೋ, ಯಾರೂ ಹೇಳಲಿಲ್ಲ. ಇಂಜಿನಿಯರು ಅಲ್ಲೇ ನಿಂತಿದ್ದರು. ನನ್ನನ್ನು ಕಂಡು ಮೊದಲ ಬಾರಿಗೆ ನಕ್ಕರು.

"ಆಯ್ತಲ್ಲ ಅಮ್ಮ? ಈಗ ಸಂತೋಷನಾ?"

ಸಂತೋಷ ಆಗಬೇಕಿತ್ತು. ಅಂಗಡಿ ಉಳಿದಿತ್ತು, ಮಿಷನ್ನು ಉಳಿದಿತ್ತು, ಕಿಟಕಿಯ ಕೆಳಗೆ ಚಿಕ್ಕಮ್ಮ ಮತ್ತೆ ಪೆಟ್ಟಿಗೆ ಇಡಬಹುದಿತ್ತು. ಆದರೆ ನನಗೆ ಬಂದದ್ದು ಸಿಟ್ಟು. ನಾಲ್ಕು ವರ್ಷ ಬರೆದ ಕಾಗದ, ಮುರಿದ ಮೊಣಕೈ, ಸುಲಿದ ಗೆಣ್ಣು, ಇವು ಯಾವುದರಿಂದಲೂ ಅಲುಗದ ಕಂಬ ಇವರು ಮೂರು ದಿನ ಹೆದರಿದ್ದಕ್ಕೆ ಕಿತ್ತುಬಂದಿತ್ತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಸಾರ್," ಅಂದೆ. "ಇವತ್ತು ಈ ಕಂಬ ಕಿತ್ತಿದ್ದು ಯಾರ ಜೀವಕ್ಕೆ ಹೆದರಿ?"

ಅವರ ನಗು ಅಲ್ಲೇ ನಿಂತಿತು. ಅಂಗಡಿಗೆ ಹೊತ್ತಾಗಿತ್ತು. ಎರಡೂ ಕೈ ಚಕ್ರದ ಮೇಲಿಟ್ಟು ಫುಟ್‌ಪಾತ್ ಹತ್ತಿ ಹೊರಟೆ.