ಗ್ಯಾರೇಜಿನ ಕಪ್ಪು

“ನಿನ್ನ ಕಪ್ಪು ನಮ್ಮ ಡಿಶ್‌ವಾಶರ್‌ನ್ಯಾಗ ಹ್ಯಾಂಗ ಬಂತ, ರಂಡಿ? ದೇವರ ಬಟ್ಟಲಾ ಸೈತ ಮೈಲಿಗಿ ಮಾಡಿಟ್ಟೆಲ್ಲೇ!”

ಕಮಲವ್ವ ಸ್ಟೀಲಿನ ಕಪ್ಪನ್ನು ಗ್ಯಾರೇಜಿನೊಳಗೆ ಬೀಸಿ ಒಗೆದಳು. ಅದು ಠಣ್ ಎಂದು ಕಾರಿನ ಪಕ್ಕ ಉರುಳಿತು. ಕಲಬುರಗಿಯ ಹೊಲಗೇರಿಯಿಂದ ಅಮೆರಿಕದ ಡಲ್ಲಾಸ್ ಹತ್ತಿರದ ಸೌತ್‌ಲೇಕಿನ ಈ ಬಂಗಲೆಗೆ ಮನೆಗೆಲಸಕ್ಕೆ ಕರೆತಂದ ದಿನದಿಂದ ಸೀತಾಬಾಯಿಯ ಕಪ್ಪಿಗೆ ಗ್ಯಾರೇಜೇ ಜಾಗ. ಆ ಮನೆಯ ತಾಟುಗಳನ್ನೆಲ್ಲ ತೊಳೆಯುವವಳು ಇವಳೇ. ಇವಳು ಬಾಯಿಟ್ಟ ಕಪ್ಪು ಮಾತ್ರ ಅವುಗಳ ಪಕ್ಕ ಕೂಡಬಾರದು. ನಿನ್ನೆ ಕಣ್ತಪ್ಪಿ ಕೂಡಿಬಿಟ್ಟಿತ್ತು.

“ಎಲ್ಲಾ ಇನ್ನೊಮ್ಮಿ ತೊಳಿ. ಆ ಕರಿ ಮುದುಕಿ ಬರೂ ಹೊತ್ತಾತು.”

ಬರುವವರು ಮಿಸೆಸ್ ಲೊರೇನ್. ಡಲ್ಲಾಸಿನ ಒಂದು ಚರ್ಚಿನಲ್ಲಿ, ಓದು ಬಿಟ್ಟ ದೊಡ್ಡವರಿಗೆ ನರ್ಸ್ ಸಹಾಯಕಿಯ ತರಬೇತಿ ನಡೆಸುವವರು. ಮನೆಯವರೆಲ್ಲ ದೂರದ ಹ್ಯೂಸ್ಟನ್ ಬಳಿಯ ಪೇರ್ಲ್ಯಾಂಡ್ ಗುಡಿಗೆ ಹೋಗಿದ್ದ ಭಾನುವಾರ, ಪಕ್ಕದ ಮನೆ ಕ್ಲೀನ್ ಮಾಡುವ ಮರಿಯಾ ಸೀತಾಬಾಯಿಯನ್ನು ಅಲ್ಲಿಗೆ ಕರೆದೊಯ್ದಿದ್ದಳು. ಸ್ಕಾಲರ್‌ಶಿಪ್ಪಿನ ಸೀಟೂ ಸಿಕ್ಕಿತು. ಸೋಮವಾರ ಸಂಜೆಯಿಂದ ಕ್ಲಾಸು. ಮಾಲೀಕರು ಬಿಡಬೇಕು, ಅಷ್ಟೆ. ಕೇಳಲು ತಾನೇ ಬರುವೆನೆಂದು ಮುದುಕಿ ಫೋನ್ ಮಾಡಿದ್ದರು.

ಆ ಚರ್ಚಿನ ಗೋಡೆಯ ಮೇಲೊಂದು ಹಳೆಯ ಫೋಟೋ ಇತ್ತು. ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ ಬಿಳಿಯರಿಗಷ್ಟೇ ಊಟ ಬಡಿಸುವ ಕಟ್ಟೆ. ಅದರ ಮುಂದೆ ಕೂತ ಕರಿಯ ಹುಡುಗಿ. ಮಿಸೆಸ್ ಲೊರೇನ್ ಎದೆ ಮುಟ್ಟಿ ‘ನಾನೇ’ ಎಂದು ತೋರಿಸಿದ್ದರು. ಅವರು ಬಡಿಸಲಿಲ್ಲ, ಬೈದರು, ನಾನು ಏಳಲಿಲ್ಲ. ಅರ್ಧ ಮಾತು, ಅರ್ಧ ಕೈಸನ್ನೆ. ಸೀತಾಬಾಯಿಗೆ ಪೂರಾ ತಿಳಿದಿತ್ತು.

“ನರ್ಸ್ ಆಗ್ತಾಳಂತ, ನರ್ಸ್!” ಕಮಲವ್ವನ ಗಂಡ, ಮೋಟೆಲ್ ಮಾಲೀಕ ನೀಲಕಂಠಪ್ಪ ಹೊಟ್ಟೆ ಕುಣಿಸಿ ನಕ್ಕ. “ನಾಡಿ ನೋಡಂತ ನಿನ್ನ ಕೈಯಾಗ ಯಾವಾಂವ ಕೈ ಕೊಡ್ತಾನ? ಪಾಸ್‌ಪೋರ್ಟ್ ನನ್ನ ಲಾಕರ್‌ನ್ಯಾಗೈತಿ. ಬಾಯಿ ಬಿಟ್ಟಿ ಅಂದ್ರ ನಾಳಿನ ಫ್ಲೈಟಿಗೇ ಹೊಲಗೇರಿಗೆ ಒಗಿತೀನಿ.”

“ನಿಮ್ಮವ್ವ ಹಾಸಿಗಿ ಹಿಡಿದಾಗ ಹೇಲು ಉಚ್ಚಿ ಬಳದಾಕಿ ನಾನ ಅಲ್ಲೇನ್ರಿ ಸಾವ್ಕಾರ್ರ? ಆವಾಗ ಈ ಕೈ ಬೇಕಾಗಿತ್ತು.”

ಸೀತಾಬಾಯಿಯ ಕಪಾಳಕ್ಕೆ ಅವನ ಏಟು ಬಿತ್ತು. ಅಷ್ಟರಲ್ಲಿ ತೆರೆದಿದ್ದ ಗ್ಯಾರೇಜಿನಿಂದಲೇ ಕೋಲೂರುತ್ತ ಮಿಸೆಸ್ ಲೊರೇನ್ ಒಳಬಂದರು. ಕಾಲಿಗೆ ಸಿಕ್ಕ ಕಪ್ಪು ಅವರ ಕೈಯಲ್ಲಿತ್ತು. ಅದನ್ನು ಡೈನಿಂಗ್ ಟೇಬಲ್ಲಿನ ಮೇಲೆ, ಬೆಳ್ಳಿ ಲೋಟಗಳ ಸಾಲಿನಲ್ಲೇ ಇಟ್ಟರು.

“ಸೀತಾ ಡಸಂಟ್ ವಾಂಟ್, ಮ್ಯಾಡಮ್,” ನೀಲಕಂಠಪ್ಪ ಕೈ ಹೊಸೆದ. “ವೆರಿ ಹೋಮ್‌ಸಿಕ್.”

ಮುದುಕಿ ಕಪ್ಪಿನ ಕಡೆ ಬೆರಳು ತೋರಿಸಿ ಯಾರದೆಂದು ಕೇಳಿದರು.

“ಓ ದಟ್? ಫಾರ್ ದಿ ಡಾಗ್!” ಕಮಲವ್ವ ನಕ್ಕಳು.

ಮುದುಕಿ ಸುತ್ತ ನೋಡಿದರು. ಆ ಮನೆಯಲ್ಲಿ ನಾಯಿ ಇರಲಿಲ್ಲ.

ಸೀತಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ದಿನಾ ಒರೆಸುವ ಕುರ್ಚಿ, ಒಮ್ಮೆಯೂ ಕೂತಿರದ ಕುರ್ಚಿ. ಎಳೆದಳು. ಕೂತಳು.

“ಮೈ ಕಪ್,” ಎಂದಳು. ಜಗ್ಗಿನಿಂದ ಅದಕ್ಕೆ ಕಾಫಿ ಬಗ್ಗಿಸಿಕೊಂಡಳು. “ಐ ವಾಂಟ್. ಮಂಡೇ.”

“ಏಳ ಬೋಸುಡಿ! ಎದ್ದು ಒಳಗ ನಡಿ!” ಅತಿಥಿಯತ್ತ ನಗುತ್ತಲೇ ಕಮಲವ್ವ ಹಲ್ಲು ಕಡಿದಳು.

ನೀಲಕಂಠಪ್ಪ ಕುರ್ಚಿಯ ಬೆನ್ನು ಹಿಡಿದು ಜಗ್ಗಿದ. ಬಿಸಿ ಕಾಫಿ ಸೀತಾಬಾಯಿಯ ಮುಂಗೈ ಮೇಲೆ ಚೆಲ್ಲಿತು. ಏಳಲಿಲ್ಲ.

ಮಿಸೆಸ್ ಲೊರೇನ್ ಕೋಲನ್ನು ಟೇಬಲ್ಲಿಗೆ ಆನಿಸಿ ಪಕ್ಕದ ಕುರ್ಚಿಯಲ್ಲಿ ಕೂತರು.

ಸೀತಾಬಾಯಿ ಕಪ್ಪನ್ನು ಊದಿದಳು. ಕಾಫಿ ಇನ್ನೂ ಸುಡುತ್ತಿತ್ತು. ಅವಳಿಗೆ ಅವಸರವೇನೂ ಇರಲಿಲ್ಲ.